ಮೊಣಕಾಲು ನೋವಿನ ಅಮ್ಮನೊಂದಿಗೆ ಲಂಡನ್: ರೈಲು, ಬಸ್ಸುಗಳ ಒಂದು ವಿಮರ್ಶೆ

ಲಂಡನ್ನಿನ ಭೂಗತ ರೈಲಿಗೆ ಒಟ್ಟು 272 ನಿಲ್ದಾಣಗಳಿವೆ. ಅವುಗಳಲ್ಲಿ ಒಂದೂ ಮೆಟ್ಟಿಲು ಹತ್ತದೆ, ಇಳಿಯದೆ ಬೀದಿಯಿಂದ ಪ್ಲಾಟ್‌ಫಾರ್ಮಿನವರೆಗೆ ಹೋಗಬಹುದಾದವು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಎರಡೂ ಮೊಣಕಾಲು ಸವೆದಿರುವ 71 ವರ್ಷದ ಅಮ್ಮನನ್ನು ಕರೆದುಕೊಂಡು 2025ರ ಮೇ ತಿಂಗಳಲ್ಲಿ ಎಂಟು ದಿನಗಳ ಮಟ್ಟಿಗೆ ಆ ಊರಿಗೆ ಹೊರಡುವ ಮುನ್ನ ನನ್ನ ಕಣ್ಣಿಗೆ ಬಿದ್ದ ಮೊದಲ ಸಂಗತಿಯೇ ಇದು. ಟಿಕೆಟ್ ಆಗಿತ್ತು, ವೀಸಾ ಬಂದಿತ್ತು, ಅಮ್ಮ ಸ್ವೆಟರುಗಳನ್ನು ಬಿಸಿಲಿಗೆ ಹಾಕಿಯೂ ಆಗಿತ್ತು, ಹಿಂದೆಗೆಯುವ ಮಾತಿರಲಿಲ್ಲ. ಹಾಗಾಗಿ ಏನೇನು ನೋಡಬೇಕು ಎಂಬುದನ್ನು ಬದಿಗಿಟ್ಟು, ಎಲ್ಲಿಂದ ಎಲ್ಲಿಗೆ ಹೇಗೆ ಹೋಗಬೇಕು ಎಂಬುದನ್ನೇ ಎರಡು ವಾರ ಕೂತು ಓದಿದೆ. ಈ ಬರಹ ಆ ಓದಿನ ಮತ್ತು ಎಂಟು ದಿನಗಳ ಓಡಾಟದ ಫಲ. ಅರಮನೆ, ಮ್ಯೂಸಿಯಮ್ಮುಗಳ ವರ್ಣನೆ ಇದರಲ್ಲಿಲ್ಲ. ಹಿರಿಯರನ್ನು ಕರೆದೊಯ್ಯುವವರಿಗೆ ಲಂಡನ್ನಿನ ಸಾರಿಗೆ ಎಷ್ಟು ಒದಗಿಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಇದೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಲಂಡನ್ ಎಂದೊಡನೆ ಎಲ್ಲರೂ ಟ್ಯೂಬ್ ಎಂದು ಕರೆಯುವ ಆ ಭೂಗತ ರೈಲಿನ ಹೆಸರೆತ್ತುತ್ತಾರೆ. ಆದರೆ ನಡೆಯಲು ಕಷ್ಟಪಡುವವರ ಪಾಲಿಗೆ ಆ ಊರನ್ನು ತೆರೆದು ತೋರಿಸುವುದು ಕೆಂಪು ಬಸ್ಸು ಮತ್ತು 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ಎಂಬ ರೈಲು ಮಾರ್ಗ. ಹಳೆಯ ಟ್ಯೂಬನ್ನು ಆರಿಸಿ, ಅಳೆದು ಬಳಸಿದರೆ ಮಾತ್ರ ಅದು ಉಪಕಾರಿ.

ಹೊರಡುವ ಮೊದಲು ಬೆಂಗಳೂರಿನಲ್ಲೇ ಮುಗಿಸಬೇಕಾದ ಕೆಲಸವೊಂದಿದೆ. ಲಂಡನ್ನಿನ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ. ರೈಲಿಗೂ ಬಸ್ಸಿಗೂ ಟಿಕೆಟ್ ಕೊಳ್ಳುವ ಬದಲು, ವೈ-ಫೈ ಗುರುತಿನಂಥ ನಾಲ್ಕು ಬಾಗಿದ ಗೆರೆಗಳಿರುವ ನಮ್ಮ ಬ್ಯಾಂಕ್ ಕಾರ್ಡನ್ನೇ ಹಳದಿ ಬಣ್ಣದ ಯಂತ್ರಕ್ಕೆ ಮುಟ್ಟಿಸಿದರೆ ಸಾಕು. ವೀಸಾ, ಮಾಸ್ಟರ್‌ಕಾರ್ಡ್ ಎರಡೂ ನಡೆಯುತ್ತವೆ. ಆದರೆ ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ನಮ್ಮ ಹೊಸ ಕಾರ್ಡುಗಳು ದೇಶದೊಳಗಿನ ವಹಿವಾಟಿಗೆ ಮಾತ್ರ ತೆರೆದಿರುತ್ತವೆ. ವಿದೇಶಿ ವಹಿವಾಟನ್ನೂ ಕಾರ್ಡ್ ಮುಟ್ಟಿಸಿ ಹಣ ಕೊಡುವ ಸೌಲಭ್ಯವನ್ನೂ ಬ್ಯಾಂಕಿನ ಆಪ್‌ನಲ್ಲಿ ನಾವೇ ಚಾಲೂ ಮಾಡಿಕೊಳ್ಳಬೇಕು. ಅಲ್ಲಿ ಇಳಿದ ಮೇಲೆ ಒಟಿಪಿಗಾಗಿ ಪರದಾಡುವುದಕ್ಕಿಂತ ಮನೆಯಲ್ಲೇ ಇದನ್ನು ಮಾಡಿ ಮುಗಿಸುವುದು ಲೇಸು. ಇನ್ನೊಂದು ಮುಖ್ಯ ಸಂಗತಿಯೆಂದರೆ ಒಂದು ಕಾರ್ಡಿನಲ್ಲಿ ಒಬ್ಬರೇ ಪ್ರಯಾಣಿಸಬಹುದು. ನನ್ನ ಕಾರ್ಡನ್ನು ಎರಡು ಸಲ ಮುಟ್ಟಿಸಿ ಅಮ್ಮನನ್ನು ಒಳಗೆ ಕರೆದೊಯ್ಯುವಂತಿಲ್ಲ. ಆದ್ದರಿಂದ ಅಮ್ಮನಿಗೆ ಪೌಂಡ್ ತುಂಬಿಸಿದ ಒಂದು ಫಾರೆಕ್ಸ್ ಕಾರ್ಡ್ ಮಾಡಿಸಿ, ಅದನ್ನು ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಚೀಲದಲ್ಲಿಟ್ಟೆ. ಕಾರ್ಡಿಲ್ಲದವರಿಗೆ ಆಯ್‌ಸ್ಟರ್ ಎಂಬ ಅಲ್ಲಿನ ನೀಲಿ ಕಾರ್ಡು ಸಿಗುತ್ತದೆ. ಪ್ರಯಾಣ ದರ ಅದೇ, ಕಾರ್ಡಿನ ಬೆಲೆ ಮಾತ್ರ ಬೇರೆ ಕೊಡಬೇಕು. 11 ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆಗಿದ್ದರೆ ಬಸ್ಸಿಗೂ ಟ್ಯೂಬಿಗೂ ಏನೂ ಕೊಡಬೇಕಿಲ್ಲ.

ಬೆಂಗಳೂರಿನಿಂದ ಹೀಥ್ರೋಗೆ ನೇರ ವಿಮಾನಗಳಿವೆ. ಹತ್ತು ಗಂಟೆಗೂ ಮಿಕ್ಕಿ ಕೂತು ಬಂದ ಅಮ್ಮನ ಕಾಲು ಇಳಿಯುವ ಹೊತ್ತಿಗೆ ಊದಿಕೊಂಡಿತ್ತು. ಅವರಿಗೆ ಶ್ರಮವಾಗದಿರಲಿ ಎಂದು ನಾನು ಊರಿನಿಂದಲೇ ಒಂದು ಖಾಸಗಿ ಸಂಸ್ಥೆಯ ಕಾರನ್ನು ಆನ್‌ಲೈನ್‌ನಲ್ಲಿ ಗೊತ್ತುಮಾಡಿ, ಅರ್ಧ ಹಣವನ್ನೂ ಕಟ್ಟಿದ್ದೆ. ಹೆಸರು ಬರೆದ ಫಲಕ ಹಿಡಿದು ನಿಂತವರ ಸಾಲಿನಲ್ಲಿ ನಮ್ಮ ಹೆಸರಿರಲಿಲ್ಲ. 40 ನಿಮಿಷ ಕಾದ ಮೇಲೆ ಚಾಲಕ ಫೋನಿಗೆ ಸಿಕ್ಕಿ, ತಾನಿನ್ನೂ ದಾರಿಯಲ್ಲಿದ್ದೇನೆ, ಕಾದಿರುವ ಸಮಯಕ್ಕೆ ಪಾರ್ಕಿಂಗ್ ಹಣವನ್ನು ಸೇರಿಸಿ ಕೊಡಬೇಕಾಗುತ್ತದೆ ಎಂದ. ಕಾದವರು ನಾವು, ಹಣ ಕೇಳಿದವನು ಆತ. ಕಟ್ಟಿದ ಹಣ ಹೋದರೆ ಹೋಗಲಿ ಎಂದು ಅಲ್ಲೇ ಬಿಟ್ಟು ರೈಲಿನ ಕಡೆಗೆ ತಿರುಗಿದೆವು. ಆ ತಿರುವೇ ನಮ್ಮ ಪ್ರವಾಸಕ್ಕೆ ಒಳ್ಳೆಯದಾಯಿತು.

ಹೀಥ್ರೋದಿಂದ ನಗರದೊಳಗೆ ಮೂರು ರೈಲು ದಾರಿಗಳಿವೆ. 1998ರಲ್ಲಿ ಶುರುವಾದ ಹೀಥ್ರೋ ಎಕ್ಸ್‌ಪ್ರೆಸ್ ನಡುವೆ ಎಲ್ಲೂ ನಿಲ್ಲದೆ 15 ನಿಮಿಷದಲ್ಲಿ ಪ್ಯಾಡಿಂಗ್ಟನ್ ಮುಟ್ಟಿಸುತ್ತದೆ. ಆದರೆ ಮೂರರಲ್ಲಿ ದುಬಾರಿಯಾದದ್ದು ಅದೇ, ಮತ್ತು ಪ್ಯಾಡಿಂಗ್ಟನ್ನಿನಲ್ಲಿ ಇಳಿದು ಇನ್ನೊಂದು ರೈಲು ಹಿಡಿಯುವ ಕೆಲಸ ಉಳಿದೇ ಇರುತ್ತದೆ. ಅಗ್ಗದ್ದು ಪಿಕಾಡಿಲಿ ಲೈನ್ ಎಂಬ ಟ್ಯೂಬ್. ನಾವು ಹೋದಾಗ ನಗರದ ನಡುಭಾಗಕ್ಕೆ 5.80 ಪೌಂಡ್ ಇತ್ತು, ಪ್ರಯಾಣ ಸುಮಾರು ಒಂದು ಗಂಟೆ. ಡಬ್ಬಿಗಳು 1970ರ ದಶಕದವು, ಎಸಿ ಇಲ್ಲ, ದೊಡ್ಡ ಪೆಟ್ಟಿಗೆಗಳನ್ನು ಕಾಲ ನಡುವೆಯೇ ಇಟ್ಟುಕೊಳ್ಳಬೇಕು, ಬಹಳಷ್ಟು ನಿಲ್ದಾಣಗಳಲ್ಲಿ ಹೊರಬರಲು ಮೆಟ್ಟಿಲು ಹತ್ತಬೇಕು. ಒಂಟಿಯಾಗಿ, ಬೆನ್ನಿಗೊಂದು ಚೀಲ ಹಾಕಿಕೊಂಡು ಬರುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಮೂರನೆಯದು ಎಲಿಜಬೆತ್ ಲೈನ್. ನಗರದ ನಡುಭಾಗಕ್ಕೆ ಆಗ 13.90 ಪೌಂಡ್ ಇತ್ತು, ಪ್ಯಾಡಿಂಗ್ಟನ್ನಿಗೆ ಸುಮಾರು ಅರ್ಧ ಗಂಟೆ, ಅಲ್ಲಿಂದ ಅದೇ ರೈಲು ಬಾಂಡ್ ಸ್ಟ್ರೀಟ್, ಟಾಟನಮ್ ಕೋರ್ಟ್ ರೋಡ್, ಫ್ಯಾರಿಂಗ್ಡನ್, ಲಿವರ್‌ಪೂಲ್ ಸ್ಟ್ರೀಟ್, ವೈಟ್‌ಚಾಪೆಲ್ ಎಂದು ಊರನ್ನು ಪಶ್ಚಿಮದಿಂದ ಪೂರ್ವಕ್ಕೆ ಸೀಳಿಕೊಂಡು ಹೋಗುತ್ತದೆ.

ಈ ಲೈನಿನ 41 ನಿಲ್ದಾಣಗಳಲ್ಲೂ ಬೀದಿಯಿಂದ ಪ್ಲಾಟ್‌ಫಾರ್ಮಿಗೆ ಮೆಟ್ಟಿಲಿಲ್ಲದ ದಾರಿಯಿದೆ. ನಡುಭಾಗದ ಹೊಸ ಸುರಂಗ ನಿಲ್ದಾಣಗಳಲ್ಲಂತೂ ಪ್ಲಾಟ್‌ಫಾರ್ಮಿನ ಅಂಚಿಗೆ ಗಾಜಿನ ಗೋಡೆಯಿದ್ದು, ರೈಲು ಬಂದು ನಿಂತಾಗ ಅದರ ಬಾಗಿಲೂ ಗಾಜಿನ ಬಾಗಿಲೂ ಒಟ್ಟಿಗೆ ಸರಿಯುತ್ತವೆ. ರೈಲಿನ ನೆಲ ಮತ್ತು ಪ್ಲಾಟ್‌ಫಾರ್ಮಿನ ನೆಲ ಒಂದೇ ಮಟ್ಟದಲ್ಲಿರುತ್ತವೆ. ವೈಟ್‌ಚಾಪೆಲ್‌ನಲ್ಲಿ ಇಳಿಯುವಾಗ ಅಮ್ಮ ಅಭ್ಯಾಸಬಲದಿಂದ ನನ್ನ ತೋಳು ಹಿಡಿದು, ಬಲಗಾಲನ್ನು ಎತ್ತಿ, ಕೆಳಗೆ ತಡವಿ, ಇಳಿಯಲು ಏನೂ ಇಲ್ಲವೆಂದು ತಿಳಿದು ಒಂದು ಕ್ಷಣ ನಿಂತರು. "ನಮ್ಮನೆ ಹೊಸ್ತಿಲಿಗಿಂತ ಸಲೀಸಾಗಿದೆಯಲ್ಲೇ" ಎಂದರು. ಬಾಗಿಲ ಬಳಿ ನಿಂತಿದ್ದವರು ಅವರು ಪೂರ್ತಿ ಇಳಿಯುವವರೆಗೆ ಕಾದು ಆಮೇಲೆ ಹತ್ತಿದರು.

ನಾವು ವೈಟ್‌ಚಾಪೆಲ್‌ನಲ್ಲಿ ಕೋಣೆ ಹಿಡಿದದ್ದು ಇದೇ ಕಾರಣಕ್ಕೆ. ಲಂಡನ್ನಿನಲ್ಲಿ ಉಳಿಯುವ ಜಾಗವನ್ನು ಹುಡುಕುವಾಗ ಬಹಳ ಜನ ಪ್ರೇಕ್ಷಣೀಯ ಸ್ಥಳಗಳಿಗೆ ಎಷ್ಟು ಹತ್ತಿರ ಎಂದು ನೋಡುತ್ತಾರೆ. ಹಿರಿಯರು ಜೊತೆಗಿದ್ದರೆ ಲಿಫ್ಟ್ ಇರುವ ನಿಲ್ದಾಣಕ್ಕೆ ಎಷ್ಟು ಹತ್ತಿರ ಎಂದೇ ನೋಡಬೇಕು. ರೈಲು ದರಕ್ಕಾಗಿ ಊರನ್ನು ನಡುಭಾಗದಿಂದ ಹೊರಕ್ಕೆ ವಲಯಗಳಾಗಿ ಎಣಿಸುತ್ತಾರೆ, ವೈಟ್‌ಚಾಪೆಲ್ ಎರಡನೆಯ ವಲಯದಲ್ಲಿದೆ. ಎಲಿಜಬೆತ್ ಲೈನ್ ಅಲ್ಲದೆ ಡಿಸ್ಟ್ರಿಕ್ಟ್ ಲೈನ್, ಹ್ಯಾಮರ್‌ಸ್ಮಿತ್ ಆ್ಯಂಡ್ ಸಿಟಿ ಲೈನ್ ಅಲ್ಲಿಂದ ಸಿಗುತ್ತವೆ. ಎದುರಿನ ಅಗಲವಾದ ರಸ್ತೆಯಲ್ಲಿ ಸಾಲುಸಾಲು ಬಸ್ಸುಗಳು ಓಡುತ್ತವೆ. ಬೀದಿಯ ಸಂತೆಯಲ್ಲಿ ಬೆಂಡೆಕಾಯಿ, ಹಾಗಲಕಾಯಿ, ಕೊತ್ತಂಬರಿ ಕಂಡ ಮೇಲೆ ಅಮ್ಮನಿಗೆ ಆ ಬಡಾವಣೆಯ ಬಗ್ಗೆ ಬೇರೇನೂ ಕೇಳುವುದು ಉಳಿಯಲಿಲ್ಲ.

ಎಲಿಜಬೆತ್ ಲೈನಿನ ಬಗ್ಗೆ ಒಂದು ಎಚ್ಚರಿಕೆಯಿದೆ. ಅದರ ರೈಲುಗಳು 200 ಮೀಟರಿನಷ್ಟು ಉದ್ದ, ಆದ್ದರಿಂದ ಪ್ಲಾಟ್‌ಫಾರ್ಮುಗಳೂ ಅಷ್ಟೇ ಉದ್ದ. ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲಿನಿಂದ ಇಳಿದು ಪ್ಲಾಟ್‌ಫಾರ್ಮಿನ ಒಂದು ತುದಿಯಿಂದ ಮೇಲೆ ಬಂದರೆ ಲಿವರ್‌ಪೂಲ್ ಸ್ಟ್ರೀಟಿನಲ್ಲಿಯೇ ಹೊರಬರುತ್ತೀರಿ, ಇನ್ನೊಂದು ತುದಿಯಿಂದ ಮೇಲೆ ಬಂದರೆ ಮೂರ್‌ಗೇಟ್ ಎಂಬ ಬೇರೆಯೇ ನಿಲ್ದಾಣದ ಬಳಿ ಹೊರಬರುತ್ತೀರಿ. ಫ್ಯಾರಿಂಗ್ಡನ್ನಿನ ಇನ್ನೊಂದು ತುದಿ ಬಾರ್ಬಿಕನ್. ತಪ್ಪು ಡಬ್ಬಿಯಲ್ಲಿ ಕೂತರೆ ನೆಲದಡಿಯಲ್ಲೇ ಅಷ್ಟುದ್ದ ನಡೆಯಬೇಕಾಗುತ್ತದೆ. ಗೋಡೆಯ ಮೇಲಿನ ಫಲಕಗಳನ್ನು ಓದಿ, ಲಿಫ್ಟಿನ ಗುರುತು ಯಾವ ಕಡೆಗಿದೆ ಎಂದು ನೋಡಿಕೊಂಡೇ ಹೆಜ್ಜೆಯಿಡಬೇಕು. ಇದೇ ನಿಲ್ದಾಣಗಳಲ್ಲಿ ಎಸ್ಕಲೇಟರಿನ ಪಕ್ಕದಲ್ಲೇ ಓರೆಯಾಗಿ ಏರುವ ಲಿಫ್ಟುಗಳಿವೆ. ನೇರ ಮೇಲೆ ಹೋಗುವ ಬದಲು ಗುಡ್ಡ ಹತ್ತುವ ಹಾಗೆ ಓರೆಯಾಗಿ ಸಾಗುವ ಆ ಪೆಟ್ಟಿಗೆಯಲ್ಲಿ ನಿಂತು, ಪಕ್ಕದ ಎಸ್ಕಲೇಟರಿನಲ್ಲಿ ಹೋಗುವವರನ್ನು ಅಮ್ಮ ಮಗುವಿನ ಕುತೂಹಲದಿಂದ ನೋಡುತ್ತಿದ್ದರು.

ಇನ್ನು ಹಣದ ಲೆಕ್ಕ. ಕಾರ್ಡ್ ಮುಟ್ಟಿಸುತ್ತ ಹೋದಂತೆ ಒಂದು ದಿನದಲ್ಲಿ ಇಷ್ಟಕ್ಕಿಂತ ಹೆಚ್ಚು ಕಡಿತವಾಗುವುದಿಲ್ಲ ಎಂಬ ಮಿತಿಯೊಂದಿದೆ. ಒಂದು ಮತ್ತು ಎರಡನೆಯ ವಲಯಗಳೊಳಗೆ ಎಷ್ಟೇ ಓಡಾಡಿದರೂ ಆಗ ದಿನಕ್ಕೆ 8.90 ಪೌಂಡ್ ದಾಟುತ್ತಿರಲಿಲ್ಲ. ಬಸ್ಸಿನಲ್ಲಿ ಮಾತ್ರ ಓಡಾಡಿದರೆ 5.25 ಪೌಂಡ್ ದಾಟುತ್ತಿರಲಿಲ್ಲ. ಸೋಮವಾರದಿಂದ ಭಾನುವಾರದವರೆಗೆ ವಾರದ ಮಿತಿಯೂ ಇದೆ, ಹಾಗಾಗಿ ವಾರದ ನಡುವೆ ಇಳಿಯುವವರಿಗಿಂತ ಸೋಮವಾರ ಓಡಾಟ ಶುರುಮಾಡುವವರಿಗೆ ಹೆಚ್ಚು ಲಾಭ. ಈ ಲೆಕ್ಕವನ್ನೆಲ್ಲ ಯಂತ್ರವೇ ಮಾಡಿಕೊಳ್ಳುತ್ತದೆ. ಯಾವ ಪಾಸ್ ಕೊಳ್ಳಬೇಕು ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಪ್ರವಾಸಿಗರಿಗಾಗಿ ಮಾರುವ ಬಗೆಬಗೆಯ ಪಾಸುಗಳ ಜಾಹೀರಾತನ್ನು ನೋಡಿ ಮೊದಲೇ ಹಣ ಸುರಿಯಬೇಡಿ ಎಂದು ಒತ್ತಿ ಹೇಳುತ್ತೇನೆ. ಒಂದೇ ಷರತ್ತು: ಒಳಗೆ ಹೋಗುವಾಗ ಮುಟ್ಟಿಸಿದ ಕಾರ್ಡನ್ನೇ ಹೊರಬರುವಾಗಲೂ ಮುಟ್ಟಿಸಬೇಕು. ಎರಡನೆಯ ದಿನ ನಾನು ಒಳಗೆ ಹೋದದ್ದು ನನ್ನ ಫಾರೆಕ್ಸ್ ಕಾರ್ಡಿನಲ್ಲಿ, ಹೊರಬಂದದ್ದು ಕ್ರೆಡಿಟ್ ಕಾರ್ಡಿನಲ್ಲಿ. ಯಂತ್ರದ ಕಣ್ಣಿಗೆ ಅವು ಇಬ್ಬರು ಬೇರೆ ಬೇರೆ ಪ್ರಯಾಣಿಕರ ಎರಡು ಅಪೂರ್ಣ ಪ್ರಯಾಣಗಳು. ಎರಡಕ್ಕೂ ಗರಿಷ್ಠ ದರ ಬಿತ್ತು. ತಪ್ಪು ನನ್ನದೇ. ಲಂಡನ್ನಿನ ಸಾರಿಗೆ ಸಂಸ್ಥೆಯಾದ ಟಿಎಫ್‌ಎಲ್‌ನ ಜಾಲತಾಣದಲ್ಲಿ ಖಾತೆ ತೆರೆದು, ಎರಡೂ ಕಾರ್ಡುಗಳನ್ನು ಸೇರಿಸಿ, ನಡೆದದ್ದನ್ನು ಬರೆದ ಮೇಲೆ ಹಣ ಮರಳಿತು. ಅಂದಿನಿಂದ ಕ್ರೆಡಿಟ್ ಕಾರ್ಡನ್ನು ಕೋಣೆಯ ಪೆಟ್ಟಿಗೆಯಲ್ಲೇ ಇಟ್ಟೆ. ಬಸ್ಸಿನಲ್ಲಿ ಈ ತೊಂದರೆಯಿಲ್ಲ, ಹತ್ತುವಾಗ ಮಾತ್ರ ಮುಟ್ಟಿಸಿದರೆ ಸಾಕು.

ಹಳೆಯ ಟ್ಯೂಬಿನ ಬಗ್ಗೆ ನ್ಯಾಯವಾಗಿ ಮಾತಾಡಬೇಕಾದರೆ ಅದರ ವಯಸ್ಸನ್ನು ನೆನಪಿನಲ್ಲಿಡಬೇಕು. 1863ರ ಜನವರಿಯಲ್ಲಿ ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ನಿಗೆ ಮೊದಲ ಭೂಗತ ರೈಲು ಓಡಿದಾಗ ಅದನ್ನು ಎಳೆದದ್ದು ಉಗಿಯಂತ್ರ. ನಮ್ಮ ಮೆಟ್ರೋ 2011ರಲ್ಲಿ ಶುರುವಾದದ್ದು; ಲಿಫ್ಟು ಇಲ್ಲದ ನಿಲ್ದಾಣವನ್ನು ನಾವು ಊಹಿಸಿಕೊಳ್ಳುವುದೂ ಇಲ್ಲ. ನೂರೈವತ್ತು ವರ್ಷ ಹಳೆಯ ಸುರಂಗಕ್ಕೆ ಇಂದು ಲಿಫ್ಟ್ ಇಳಿಸುವುದೆಂದರೆ ಮೇಲಿನ ಕಟ್ಟಡ, ಕೆಳಗಿನ ಚರಂಡಿ, ಪಕ್ಕದ ಇನ್ನೊಂದು ಸುರಂಗ ಎಲ್ಲವನ್ನೂ ತಪ್ಪಿಸಿ ಕೊರೆಯಬೇಕು. ಇದು ಅರ್ಥವಾಗುವ ಮಾತೇ. ಆದರೆ ಅರ್ಥವಾದ ಮಾತ್ರಕ್ಕೆ ಮೊಣಕಾಲಿನ ನೋವು ಕಡಿಮೆಯಾಗುವುದಿಲ್ಲ. ಕೊವೆಂಟ್ ಗಾರ್ಡನ್ ನಿಲ್ದಾಣದ ಸುರುಳಿ ಮೆಟ್ಟಿಲುಗಳ ಸಂಖ್ಯೆ 193. ಲಿಫ್ಟಿಗೆ ಸಾಲು ದೊಡ್ಡದಿದೆ ಎಂದು ಆ ಮೆಟ್ಟಿಲಿಗೆ ಹೊರಳುವ ಪ್ರವಾಸಿಗರು ಅರ್ಧದಲ್ಲಿ ಗೋಡೆಗೊರಗಿ ಏದುಸಿರು ಬಿಡಬೇಕಾಗುತ್ತದೆ. ಅಲ್ಲಿಂದ ಪಕ್ಕದ ಲೆಸ್ಟರ್ ಸ್ಕ್ವೇರ್ ನಿಲ್ದಾಣಕ್ಕೆ ನೆಲದ ಮೇಲೆ ಇರುವ ದೂರ 300 ಮೀಟರೂ ಇಲ್ಲ.

ಇದು ಗೊತ್ತಾಗದೆ ಹೋಗುವುದಕ್ಕೆ ಆ ಪ್ರಸಿದ್ಧ ನಕ್ಷೆಯೂ ಒಂದು ಕಾರಣ. ಹ್ಯಾರಿ ಬೆಕ್ ರೂಪಿಸಿ 1933ರಲ್ಲಿ ಮೊದಲು ಜನರ ಕೈಸೇರಿದ ಆ ಬಣ್ಣದ ಗೆರೆಗಳ ನಕ್ಷೆ ಯಾವ ನಿಲ್ದಾಣದ ಮುಂದೆ ಯಾವುದು ಬರುತ್ತದೆ, ಎಲ್ಲಿ ರೈಲು ಬದಲಿಸಬೇಕು ಎಂಬುದನ್ನು ಅತ್ಯಂತ ಸ್ಪಷ್ಟವಾಗಿ ಹೇಳುತ್ತದೆ. ದೂರವನ್ನು ಮಾತ್ರ ಅದು ಹೇಳುವುದೇ ಇಲ್ಲ. ಬೇಸ್‌ವಾಟರ್ ಮತ್ತು ಕ್ವೀನ್ಸ್‌ವೇ ನಿಲ್ದಾಣಗಳು ನಕ್ಷೆಯಲ್ಲಿ ಬೇರೆ ಬೇರೆ ಗೆರೆಗಳ ಮೇಲಿವೆ. ನಿಜದಲ್ಲಿ ಎರಡೂ ಒಂದೇ ಬೀದಿಯಲ್ಲಿ ಕೂಗಳತೆಯ ದೂರದಲ್ಲಿವೆ. ನಕ್ಷೆಯನ್ನು ನಂಬಿ ಎರಡು ರೈಲು ಬದಲಿಸುವ ಬದಲು, ಬೀದಿಬದಿಯಲ್ಲಿ ನಿಲ್ಲಿಸಿರುವ ಎತ್ತರದ ನೀಲಿ ಹಳದಿ ನಡಿಗೆ ಫಲಕಗಳನ್ನು ನೋಡಿ. ಅವುಗಳಲ್ಲಿ ಉತ್ತರ ದಿಕ್ಕನ್ನು ಮೇಲಕ್ಕೆ ಇಡುವುದಿಲ್ಲ. ನೀವು ಯಾವ ಕಡೆ ಮುಖ ಮಾಡಿ ನಿಂತಿದ್ದೀರೋ ಆ ಕಡೆಯೇ ನಕ್ಷೆಯ ಮೇಲ್ಭಾಗ. ಐದು ನಿಮಿಷದಲ್ಲಿ ನಡೆದು ಹೋಗಬಹುದಾದಷ್ಟು ಜಾಗದ ಸುತ್ತ ಒಂದು ವೃತ್ತ ಬರೆದಿರುತ್ತಾರೆ. ನಕ್ಷೆ ಎಂದರೆ ದೂರ ಸರಿಯುವ ಅಮ್ಮ ಎರಡನೆಯ ದಿನದ ಹೊತ್ತಿಗೆ ಆ ಫಲಕದ ಮೇಲೆ ಬೆರಳಿಟ್ಟು, ಆ ವೃತ್ತದೊಳಗಿದ್ದರೆ ನಡೆಯೋಣ, ಹೊರಗಿದ್ದರೆ ಬಸ್ಸು ಹಿಡಿಯೋಣ ಎಂದು ತೀರ್ಪು ಕೊಡತೊಡಗಿದ್ದರು.

ಟ್ಯೂಬನ್ನು ಬಳಸಲೇಬೇಕಾದಾಗ ನಾನು ನೋಡುತ್ತಿದ್ದದ್ದು ಎರಡು ಸಂಗತಿ. ಒಂದು, ನಕ್ಷೆಯಲ್ಲಿ ನಿಲ್ದಾಣದ ಹೆಸರಿನ ಬಳಿ ಗಾಲಿಕುರ್ಚಿಯ ಗುರುತು ಇದೆಯೇ ಎಂಬುದು. ನೀಲಿ ಬಣ್ಣ ತುಂಬಿದ ಗುರುತಿದ್ದರೆ ಬೀದಿಯಿಂದ ರೈಲಿನೊಳಗಿನವರೆಗೆ ಮೆಟ್ಟಿಲಿಲ್ಲ ಎಂದು ಅರ್ಥ. ಬಿಳಿಯದಾಗಿದ್ದರೆ ಪ್ಲಾಟ್‌ಫಾರ್ಮಿನವರೆಗೆ ಮಾತ್ರ, ರೈಲು ಹತ್ತುವಾಗ ಒಂದು ಗೇಣು ಏರುವುದೋ ದಾಟುವುದೋ ಇರಬಹುದು. ಅದೇ ಸಾರಿಗೆ ಸಂಸ್ಥೆಯ ಟಿಎಫ್‌ಎಲ್ ಗೋ ಎಂಬ ಅಧಿಕೃತ ಆಪ್‌ನಲ್ಲಿ ಮೆಟ್ಟಿಲಿಲ್ಲದ ದಾರಿಗಳನ್ನಷ್ಟೇ ತೋರಿಸುವಂತೆ ಆಯ್ಕೆ ಮಾಡಿಕೊಳ್ಳಬಹುದು. ಅದನ್ನು ನಾನು ಎಂಟು ದಿನವೂ ತೆರೆದೇ ಇಟ್ಟಿದ್ದೆ. ಎರಡು, ರೈಲು ಆಳದ್ದೋ ಮೇಲಿನದ್ದೋ ಎಂಬುದು. ಡಿಸ್ಟ್ರಿಕ್ಟ್, ಸರ್ಕಲ್, ಮೆಟ್ರೊಪಾಲಿಟನ್, ಹ್ಯಾಮರ್‌ಸ್ಮಿತ್ ಆ್ಯಂಡ್ ಸಿಟಿ ಲೈನುಗಳು ರಸ್ತೆಯ ಸ್ವಲ್ಪ ಕೆಳಗಷ್ಟೇ ಸಾಗುತ್ತವೆ. ಡಬ್ಬಿಗಳು ಅಗಲವಾಗಿವೆ, ಎಸಿ ಇದೆ. ಆಳದ ಸುರಂಗಗಳ ಸೆಂಟ್ರಲ್, ನಾರ್ದರ್ನ್, ಬೇಕರ್ಲೂ ಮೊದಲಾದವುಗಳಲ್ಲಿ ಡಬ್ಬಿಯ ಚಾವಣಿ ಬಾಗಿಲ ಬಳಿ ಬಾಗಿರುತ್ತದೆ, ಎಸಿ ಇಲ್ಲ, ದಶಕಗಳ ಕಾಲ ರೈಲುಗಳ ಬಿಸಿಯನ್ನು ಹೀರಿಕೊಂಡ ಜೇಡಿಮಣ್ಣು ಸುತ್ತ ಇದ್ದು ಮೇ ತಿಂಗಳಲ್ಲೇ ಬೆವರು ಬರುತ್ತದೆ. ಇನ್ನು, ಮೆಟ್ಟಿಲಿಲ್ಲ ಎಂದ ಮಾತ್ರಕ್ಕೆ ನಡಿಗೆಯಿಲ್ಲ ಎಂದು ತಿಳಿಯಬಾರದು. ಗ್ರೀನ್ ಪಾರ್ಕ್ ನಿಲ್ದಾಣದಲ್ಲಿ ಲಿಫ್ಟುಗಳಿವೆ, ಆದರೆ ಪಿಕಾಡಿಲಿ ಲೈನಿನಿಂದ ಉಳಿದ ಲೈನುಗಳಿಗೆ ಹೋಗುವ ಓಣಿ ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದವಾಗಿದೆ. ಅಂಥ ಕಡೆ ರೈಲು ಬದಲಿಸುವುದನ್ನೇ ತಪ್ಪಿಸಬೇಕು.

ಬಸ್ಸಿಗೆ ಬರುತ್ತೇನೆ, ಏಕೆಂದರೆ ಮೂರನೆಯ ದಿನದಿಂದ ನಾವು ಹೆಚ್ಚಾಗಿ ಬಸ್ಸಿನಲ್ಲೇ ಓಡಾಡಿದೆವು. ಒಂದು ಪ್ರಯಾಣಕ್ಕೆ ಆಗ 1.75 ಪೌಂಡ್ ಇತ್ತು, ಮೊದಲ ಸಲ ಕಾರ್ಡ್ ಮುಟ್ಟಿಸಿದ ಹೊತ್ತಿನಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಮತ್ತೆ ಹಣವಿಲ್ಲ. ಅಂದರೆ ದಾರಿ ತಪ್ಪಿ ಬೇರೆ ಬಸ್ಸು ಹತ್ತಿದರೂ ಇಳಿದು ಸರಿಯಾದ ಬಸ್ಸು ಹಿಡಿಯಲು ಚಿಂತೆಯಿಲ್ಲ. ಹೊಸಬರಿಗೆ ಇದು ಬಹಳ ದೊಡ್ಡ ಧೈರ್ಯ. ನಿಲ್ದಾಣಗಳಿಗೆ ಹೆಸರಲ್ಲದೆ ಕಂಬದ ತುದಿಯ ಕೆಂಪು ಗುಂಡುಫಲಕದಲ್ಲಿ ಒಂದು ಅಕ್ಷರವೂ ಇರುತ್ತದೆ. ದೊಡ್ಡ ವೃತ್ತಗಳ ಸುತ್ತ ಎಂಟು ಹತ್ತು ನಿಲುಗಡೆಗಳಿರುವಾಗ, ಆಪ್ ಹೇಳಿದ ಅಕ್ಷರವನ್ನು ಹುಡುಕಿಕೊಂಡರೆ ರಸ್ತೆಯ ಯಾವ ಬದಿಯಲ್ಲಿ ನಿಲ್ಲಬೇಕೆಂಬ ಗೊಂದಲ ಬರುವುದಿಲ್ಲ. ಬಸ್ಸು ಕಂಡಾಗ ಕೈ ಚಾಚಬೇಕು, ಮುಂದಿನ ಬಾಗಿಲಲ್ಲಿ ಹತ್ತಿ ನಡುವಿನ ಬಾಗಿಲಲ್ಲಿ ಇಳಿಯಬೇಕು. ಕಂಡಕ್ಟರ್ ಇಲ್ಲ. ಮುಂದಿನ ನಿಲ್ದಾಣದ ಹೆಸರನ್ನು ಬಸ್ಸೇ ಕೂಗಿ ಹೇಳುತ್ತದೆ, ಮೇಲೆ ಬೆಳಕಿನ ಅಕ್ಷರಗಳಲ್ಲೂ ತೋರಿಸುತ್ತದೆ.

ಅಮ್ಮನಿಗೆ ಬಸ್ಸು ಹತ್ತುವುದೆಂದರೆ ಊರಿನಲ್ಲಿ ಒಂದು ಸಾಹಸ: ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ನನ್ನ ಭುಜ, ಮೇಲಿನಿಂದ ಕಂಡಕ್ಟರರ ಅವಸರ. ವೈಟ್‌ಚಾಪೆಲ್ ರಸ್ತೆಯಲ್ಲಿ 205 ಬಂದು ನಿಂತಾಗ ಚಾಲಕಿ ಅಮ್ಮನ ಕೈಯ ಊರುಗೋಲನ್ನು ನೋಡಿದರು. ಸುಯ್ ಎಂದು ಗಾಳಿ ಬಿಟ್ಟ ಸದ್ದಾಯಿತು, ಬಸ್ಸಿನ ಬಾಗಿಲ ಬದಿ ಇಡಿಯಾಗಿ ಪಾದಚಾರಿ ಮಾರ್ಗದ ಕಡೆಗೆ ಬಾಗಿತು. ಆನೆ ಮಾವುತನಿಗಾಗಿ ಮಂಡಿ ಬಗ್ಗಿಸುವುದನ್ನು ಮೈಸೂರಿನಲ್ಲಿ ಕಂಡವರಿಗೆ ಆ ದೃಶ್ಯ ಕೂಡಲೇ ನೆನಪಾಗುತ್ತದೆ. ಅಮ್ಮ ಒಂದೇ ಹೆಜ್ಜೆಯಲ್ಲಿ ಒಳಗಿದ್ದರು, ಮತ್ತು ಅವರು ಸೀಟಿನಲ್ಲಿ ಕೂತ ಮೇಲೆಯೇ ಬಸ್ಸು ಹೊರಟಿತು. ಗಾಲಿಕುರ್ಚಿಯವರಿಗೆ ನಡುವಿನ ಬಾಗಿಲಿನಿಂದ ಇಳಿಜಾರು ಹಲಗೆಯೇ ಹೊರಬರುತ್ತದೆ. ನಗರದ ಸಾಮಾನ್ಯ ಬಸ್ಸುಗಳೆಲ್ಲವೂ ಹೀಗೆ ತಗ್ಗುನೆಲದವು. ಬಾಗಿಲ ಹತ್ತಿರದ ಸೀಟುಗಳನ್ನು ಹಿರಿಯರಿಗಾಗಿ ಗುರುತು ಮಾಡಿರುತ್ತಾರೆ. ಎಂಟು ದಿನಗಳಲ್ಲಿ ಒಮ್ಮೆಯೂ ನಾನು ಯಾರನ್ನೂ ಎದ್ದೇಳಿ ಎಂದು ಕೇಳಬೇಕಾಗಲಿಲ್ಲ.

ಮೇಲ್ಮಹಡಿಯ ಮುಂದಿನ ಸೀಟಿನಿಂದ ಊರು ಚೆಂದ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಆ ಮೆಟ್ಟಿಲು ಕಡಿದು, ಬಸ್ಸು ಓಡುವಾಗ ಹತ್ತಬೇಕು, ಅಮ್ಮನಿಗೆ ಬೇಡವೆಂದೆ. ಕೆಳಗಿನ ಸೀಟಿನಿಂದಲೂ ಏನೂ ಕಡಿಮೆಯಾಗಲಿಲ್ಲ. ಟ್ರಫಾಲ್ಗರ್ ಚೌಕದಿಂದ 15ನೇ ಸಂಖ್ಯೆಯ ಬಸ್ಸು ಹಿಡಿದರೆ ಸ್ಟ್ರ್ಯಾಂಡ್, ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್ ಕೆಥೆಡ್ರಲ್ ದಾಟಿ ಟವರ್ ಆಫ್ ಲಂಡನ್ ಬಳಿ ಇಳಿಯಬಹುದು. 24 ಹಿಡಿದರೆ ಅದೇ ಚೌಕದಿಂದ ವೈಟ್‌ಹಾಲ್ ಮೂಲಕ ಸಂಸತ್ ಭವನದ ಮುಂದೆ ಹಾದುಹೋಗುತ್ತದೆ. 9 ಹಿಡಿದರೆ ಹೈಡ್ ಪಾರ್ಕ್ ಮೂಲೆಯಿಂದ ರಾಯಲ್ ಆಲ್ಬರ್ಟ್ ಹಾಲ್ ಕಡೆಗೆ. ಪ್ರವಾಸಿಗರಿಗಾಗಿ ಓಡಿಸುವ ತೆರೆದ ಮಹಡಿಯ ಬಸ್ಸುಗಳು ಇದರ ಹಲವು ಪಟ್ಟು ಹಣಕ್ಕೆ ಬಹುಪಾಲು ಇದೇ ಬೀದಿಗಳನ್ನು ತೋರಿಸುತ್ತವೆ. ಬಸ್ಸಿನ ದೋಷವೆಂದರೆ ನಿಧಾನ. ಸಂಜೆ ಐದರಿಂದ ಏಳರವರೆಗೆ ನಗರದ ನಡುಭಾಗದಲ್ಲಿ ಅದು ತೆವಳುತ್ತದೆ; ಗೊತ್ತಾದ ಹೊತ್ತಿಗೆ ಎಲ್ಲಾದರೂ ಇರಬೇಕಾದರೆ ಬಸ್ಸನ್ನು ನೆಚ್ಚಬೇಡಿ.

ಕನ್ನಡಿಗರು ಲಂಡನ್ನಿನಲ್ಲಿ ತಪ್ಪದೆ ಹೋಗುವ ಒಂದು ಜಾಗವಿದೆ. ಅಲ್ಲಿಗೆ ಹೋಗುವ ದಾರಿಯನ್ನು ಬಿಡಿಸಿ ಹೇಳಬೇಕು. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಲ್ಯಾಂಬೆತ್ ಸೇತುವೆಯ ಸಮೀಪ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿರುವ ಬಸವೇಶ್ವರರ ಪ್ರತಿಮೆ ಅದು. ಕಲಬುರಗಿ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರೂ ಆದ ನೀರಜ್ ಪಾಟೀಲರ ಮುಂದಾಳತ್ವದಲ್ಲಿ ಸ್ಥಾಪನೆಯಾಗಿ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ವೈಟ್‌ಚಾಪೆಲ್‌ನಿಂದ ಡಿಸ್ಟ್ರಿಕ್ಟ್ ಲೈನಿನಲ್ಲಿ ಎಲ್ಲೂ ಬದಲಿಸದೆ ವೆಸ್ಟ್‌ಮಿನ್‌ಸ್ಟರಿಗೆ ಬಂದು, ಲಿಫ್ಟಿನಲ್ಲಿ ಮೇಲೇರಿದರೆ ಎದುರಿಗೇ ಬಿಗ್ ಬೆನ್ ಗೋಪುರ. ಅಲ್ಲಿಂದ ಸಂಸತ್ ಭವನದ ಪಕ್ಕದ ಪಾದಚಾರಿ ಮಾರ್ಗದಲ್ಲೇ ಮುಂದೆ ನಡೆದು ಲ್ಯಾಂಬೆತ್ ಸೇತುವೆಯನ್ನು ದಾಟಿದರೆ ಸಾಕು. ಹೆಚ್ಚುಕಡಿಮೆ ಒಂದು ಕಿಲೋಮೀಟರಿನ ಸಮತಟ್ಟು ದಾರಿ. ನಮಗೆ 45 ನಿಮಿಷ ಹಿಡಿಯಿತು, ಏಕೆಂದರೆ ಅಮ್ಮ ಸೇತುವೆಯ ನಡುವೆ ನಿಂತು ನದಿಯನ್ನು ನೋಡಿದರು, ಅವಸರವೂ ಇರಲಿಲ್ಲ. ಪ್ರತಿಮೆಯ ಮುಂದೆ ಅವರು ಊರುಗೋಲನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈ ಜೋಡಿಸಿ, ಆಸರೆಯಿಲ್ಲದೆ ನಿಂತರು. ಹಿಂದಿರುಗುವಾಗ ನಡೆಯಬೇಕಾಗಿಲ್ಲ, 77ನೇ ಸಂಖ್ಯೆಯ ಬಸ್ಸು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ರಸ್ತೆಯಲ್ಲೇ ಬಂದು ವಾಟರ್‌ಲೂಗೆ ಕರೆದೊಯ್ಯುತ್ತದೆ.

ಗ್ರೀನಿಚ್‌ಗೆ ಹೋಗುವವರಿಗೆ ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ ಇದೆ. 1987ರಲ್ಲಿ ಶುರುವಾದ ಈ ರೈಲಿನ ಎಲ್ಲ ನಿಲ್ದಾಣಗಳಲ್ಲೂ ಮೆಟ್ಟಿಲಿಲ್ಲದ ದಾರಿಯಿದೆ, ಚಾಲಕರ ಕೋಣೆಯೇ ಇಲ್ಲದ್ದರಿಂದ ಮುಂದಿನ ಗಾಜಿನ ಬಳಿಯೇ ಕೂರಬಹುದು. ಕಟಿ ಸಾರ್ಕ್ ನಿಲ್ದಾಣದಲ್ಲಿ ಇಳಿದರೆ ಹಳೆಯ ಹಡಗು, ನದಿ ಎರಡೂ ಹತ್ತಿರ. ನದಿಯ ದೋಣಿಯಲ್ಲೂ ಬರಬಹುದು, ಅದೇ ಕಾರ್ಡು ಅಲ್ಲಿಯೂ ನಡೆಯುತ್ತದೆ. ಆದರೆ ದರ ಹೆಚ್ಚು, ದಿನದ ಮಿತಿಗೆ ಅದು ಸೇರುವುದಿಲ್ಲ. ಕಪ್ಪು ಟ್ಯಾಕ್ಸಿಯನ್ನು ನಾವು ಹಿಡಿದದ್ದು ಒಂದೇ ಸಲ, ಜೋರು ಮಳೆಯಲ್ಲಿ. ಮೀಟರು ಬೇಗ ಏರುತ್ತದೆ ಎಂಬುದನ್ನು ಬಿಟ್ಟರೆ ದೂರುವಂಥದ್ದೇನಿಲ್ಲ: ಚಾವಣಿ ಎತ್ತರ, ಕಾಲು ಚಾಚಲು ಜಾಗ, ಗಾಲಿಕುರ್ಚಿಗೆ ಹಲಗೆ. ಚೇರಿಂಗ್ ಕ್ರಾಸ್ ಸುತ್ತಲಿನ ಆರು ಮೈಲಿ ವ್ಯಾಪ್ತಿಯ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾದ ಚಾಲಕರು ಅವರು. ನಮ್ಮನ್ನು ಕರೆತಂದವರು ವಿಳಾಸ ಕೇಳಿದ ಮೇಲೆ ಫೋನಿನ ಕಡೆ ಕಣ್ಣನ್ನೂ ಹಾಯಿಸಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಮೊದಲನೆಯದು ಶೌಚಾಲಯ. ನೆಲದಡಿಯ ಬಹಳಷ್ಟು ನಿಲ್ದಾಣಗಳಲ್ಲಿ ಅದು ಇಲ್ಲವೇ ಇಲ್ಲ, ಎಲಿಜಬೆತ್ ಲೈನಿನ ಅಷ್ಟು ಹೊಸ ರೈಲುಗಳಲ್ಲೂ ಇಲ್ಲ. ಮಾತ್ರೆಗಳ ಕಾರಣಕ್ಕೆ ಪದೇಪದೇ ಹೋಗಬೇಕಾಗುವ ವಯಸ್ಸಿನವರಿಗೆ ಇದು ಸಣ್ಣ ವಿಷಯವಲ್ಲ. ಮುಜುಗರದಿಂದ ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಪ್ಯಾಡಿಂಗ್ಟನ್, ಕಿಂಗ್ಸ್ ಕ್ರಾಸ್, ವಾಟರ್‌ಲೂ, ಲಿವರ್‌ಪೂಲ್ ಸ್ಟ್ರೀಟ್‌ನಂಥ ದೊಡ್ಡ ರೈಲು ನಿಲ್ದಾಣಗಳಲ್ಲಿ ಉಚಿತ ಶೌಚಾಲಯಗಳಿವೆ, ದೊಡ್ಡ ಮ್ಯೂಸಿಯಮ್ಮುಗಳಲ್ಲೂ ಇವೆ. ನಾನು ಪ್ರತಿದಿನದ ದಾರಿಯನ್ನು ಇವುಗಳನ್ನು ಪೋಣಿಸಿಕೊಂಡೇ ಹಾಕುತ್ತಿದ್ದೆ. ಎರಡನೆಯದು ವಾರಾಂತ್ಯದ ದುರಸ್ತಿ. ಶನಿವಾರ, ಭಾನುವಾರಗಳಲ್ಲಿ ಯಾವುದಾದರೊಂದು ಲೈನಿನ ಒಂದು ತುಂಡು ಮುಚ್ಚಿರುವುದು ಸಾಮಾನ್ಯ. ಬೆಳಿಗ್ಗೆ ಆಪ್ ನೋಡದೆ ಹೊರಡಬಾರದು. ಲಿಫ್ಟುಗಳ ಸ್ಥಿತಿಯನ್ನೂ ಅದರಲ್ಲೇ ನೋಡಬಹುದು. ಮೂರನೆಯದು ಬೆಳಗಿನ ನೂಕುನುಗ್ಗಲು. ವಾರದ ದಿನಗಳಲ್ಲಿ ಆರೂವರೆಯಿಂದ ಒಂಬತ್ತೂವರೆಯವರೆಗೆ ರೈಲಿನ ದರವೂ ಹೆಚ್ಚು, ಜನವೂ ಹೆಚ್ಚು. ಕೋಣೆಯಲ್ಲೇ ಉಪ್ಪಿಟ್ಟು ಮಾಡಿ ತಿಂದು, ಹತ್ತು ಗಂಟೆಗೆ ಹೊರಟರೆ ಎರಡೂ ತಪ್ಪುತ್ತವೆ.

ಹಿಂದಿರುಗುವ ದಿನ ಬೆಳಿಗ್ಗೆ ನಾನು ಕಾರಿನ ಮಾತೆತ್ತಲಿಲ್ಲ, ಅಮ್ಮನೂ ಕೇಳಲಿಲ್ಲ. ಎರಡು ಪೆಟ್ಟಿಗೆಗಳನ್ನು ನಾನು ಎಳೆದುಕೊಂಡು ಲಿಫ್ಟಿನ ಬಳಿ ಬರುವಷ್ಟರಲ್ಲಿ ಅವರು ಗುಂಡಿ ಒತ್ತಿ, ಕೊರಳ ಚೀಲದಿಂದ ಕಾರ್ಡು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಹೀಥ್ರೋ ರೈಲಿಗೆ ಇನ್ನೂ ಆರು ನಿಮಿಷವಿತ್ತು.